"ನನ್ನ ಕೈಲಾಗಲ್ಲ ಸರ್" ಅನ್ನುವ ಮಕ್ಕಳಿಗೆ ಏನು ಹೇಳಬೇಕು?

ಪ್ರಶ್ನೆ, ಬಳ್ಳಾರಿಯಿಂದ:
ಬೆಳಿಗ್ಗೆ ಹೊತ್ತು 11ರಿಂದ 14 ವರ್ಷದ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಎರಡು ಶಾಟ್ ತಪ್ಪಿದರೆ ಸಾಕು, ಕೆಲವರು "ಕೈಲಾಗಲ್ಲ ಸರ್" ಅಂತ ಹಿಂದೆ ಸರಿಯುತ್ತಾರೆ. ಚೆನ್ನಾಗಿ ಆಡುವವರು ಬಂದಿದ್ದನ್ನೇ ಆಡುತ್ತಾರೆ, ಹೊಸದಕ್ಕೆ ಕೈ ಹಾಕುವುದಿಲ್ಲ. ಅನುಭವ ಇದ್ದವರು ಹೇಳಿ.

ರಾಯಚೂರಿನ ಕೋಚ್:
ಸರ್, ನಿಮ್ಮ ಎರಡನೇ ಗುಂಪೇ ಜಾಸ್ತಿ ಕಷ್ಟ. "ನಿನಗೆ ಆಟ ರಕ್ತದಲ್ಲೇ ಇದೆ" ಅಂತ ಹೊಗಳಿಸಿಕೊಂಡವನು ಇರುವ ಹೆಸರು ಹೋಗುತ್ತೆ ಅಂತ ರೂಢಿಯಿಲ್ಲದ ಎಡಗೈ ಎತ್ತುವುದೇ ಇಲ್ಲ. ಮನೋವಿಜ್ಞಾನಿ ಕರೋಲ್ ಡ್ವೆಕ್ ಮತ್ತು ಕ್ಲಾಡಿಯಾ ಮುಲ್ಲರ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ಐದನೇ ತರಗತಿಯ ಮಕ್ಕಳಿಗೆ ಒಗಟು ಬಿಡಿಸಲು ಕೊಟ್ಟು, ಹೊಗಳಿ, ಮುಂದೆ ಎಂಥದ್ದು ಬೇಕು ಅಂತ ಕೇಳಿದರು. "ಜಾಣ" ಅನ್ನಿಸಿಕೊಂಡವರು ಹೆಚ್ಚಾಗಿ ಸುಲಭದ್ದನ್ನೇ ಆರಿಸಿಕೊಂಡರು. "ಕಷ್ಟಪಟ್ಟು ಮಾಡಿದೆ" ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಹೊಸದೇನಾದರೂ ಕಲಿಯಲು ಸಿಗುವಂಥದ್ದನ್ನು ಕೇಳಿದರು.

ಹಾಗಂತ ದಿನಾ "ಶಭಾಷ್, ಚೆನ್ನಾಗಿ ಟ್ರೈ ಮಾಡಿದೆ" ಅಂದರೆ ನಡೆಯಲ್ಲ. ಸುಮ್ನೆ ಹೇಳ್ತಿದ್ದಾರೆ ಅಂತ ಮಕ್ಕಳಿಗೆ ಗೊತ್ತಾಗುತ್ತೆ. ಕಣ್ಣಿಗೆ ಕಂಡದ್ದನ್ನು ಹೇಳಿ. ನಮ್ಮಲ್ಲೊಬ್ಬ ಹುಡುಗಿ ರಿಂಗಿನ ಎಡಬದಿಯಿಂದ ಬಂದರೂ ಲೇಅಪ್ (ರಿಂಗಿನ ಹತ್ತಿರ ಬಂದು ನೆಗೆದು ಚೆಂಡು ಹಾಕೋದು) ಬಲಗೈಯಲ್ಲೇ ಹಾಕುತ್ತಿದ್ದಳು. ಡ್ರಿಬಲ್, ಅಂದರೆ ಚೆಂಡು ಪುಟಿಸುತ್ತಾ ಬರೋದನ್ನು, ಬಿಡಿಸಿದೆ. ರಿಂಗಿನ ಪಕ್ಕ ನಿಲ್ಲಿಸಿ, "ಬಲಗಾಲಲ್ಲಿ ನೆಗೆ, ಎಡ ಮೊಣಕಾಲು ಎತ್ತು, ಎಡಗೈಯಿಂದ ಚೆಂಡನ್ನು ಬೋರ್ಡಿನ ಚೌಕಕ್ಕೆ ತಾಗಿಸು. ರಿಂಗಿಗೆ ಬೀಳದಿದ್ದರೂ ಪರವಾಗಿಲ್ಲ" ಅಂದೆ. ಚೆಂಡು ಬೋರ್ಡಿನ ಅಂಚಿಗೆ ಬಡಿದು ಹೊರಗೆ ಹೋಯಿತು. "ಕಾಲು ಸರಿಯಾಯ್ತವ್ವಾ, ಈಗ ಚೆಂಡು ಒಂದು ಗೇಣು ಒಳಗೆ" ಅಂದೆ. ನಾನು ಹೇಳುವ ಮೊದಲೇ ಓಡಿಹೋಗಿ ಚೆಂಡು ತಂದು ಮತ್ತೆ ನಿಂತಳು. ಆಮೇಲೆ ಒಂದು ಹೆಜ್ಜೆ, ಎರಡು ಹೆಜ್ಜೆ, ಕೊನೆಗೆ ಡ್ರಿಬಲ್.

ಇನ್ನೊಂದು, ಪ್ರಾಕ್ಟೀಸ್ ಮ್ಯಾಚಿನಲ್ಲಿ ಎಡಗೈ ಬ್ಯಾಸ್ಕೆಟ್‌ಗೆ ನಾಲ್ಕು ಪಾಯಿಂಟ್ ಕೊಡಿ, ತಪ್ಪಿದರೂ ಒಂದು. ಸ್ಟಾರ್ ಆಟಗಾರರೂ ಎಡಗೈ ಎತ್ತುತ್ತಾರೆ! ಆದರೆ ಒಂದು ಪಾಸ್ ಕೆಟ್ಟ ಕೂಡಲೇ ಹೊರಗೆ ಕರೆದು ಕೂರಿಸಿದರೆ ಇದೆಲ್ಲ ನೀರಲ್ಲಿ ಹೋಮ. ಮಕ್ಕಳು ನಿಮ್ಮ ಮಾತನ್ನಲ್ಲ, ಯಾರನ್ನು ಯಾವಾಗ ಕೂರಿಸುತ್ತೀರಿ ಅನ್ನೋದನ್ನು ನೋಡುತ್ತಾರೆ.

ಕೊಪ್ಪಳದ ಪಿಟಿ ಮೇಷ್ಟ್ರು:
ಮನಸ್ಸಿನ ಮಾತು ಆಮೇಲೆ. ಮೊದಲು ಚೆಂಡು ಯಾವ ಸೈಜು ಹೇಳಿ. ದೊಡ್ಡವರ 7ನೇ ಸೈಜಿನ ಚೆಂಡು 600 ಗ್ರಾಂ ಆಸುಪಾಸು ತೂಗುತ್ತೆ, ರಿಂಗು 3.05 ಮೀಟರ್ ಎತ್ತರ. ಸಣ್ಣ ಮಕ್ಕಳ ಮಿನಿ ಬ್ಯಾಸ್ಕೆಟ್‌ಬಾಲ್‌ಗೆ 5ನೇ ಸೈಜು, ರಿಂಗು 2.60 ಮೀಟರ್. ಹನ್ನೊಂದರ ಹುಡುಗ ದೊಡ್ಡವರ ಚೆಂಡನ್ನು ಸೊಂಟದಿಂದ ಎತ್ತಿ ಎಸೆಯುತ್ತಾನೆ, ಅದು ರಿಂಗಿಗೂ ಮುಟ್ಟಲ್ಲ. ಆಗ "ಕೈಲಾಗಲ್ಲ" ಅಂದರೆ ಅವನು ನಿಜಾನೇ ಹೇಳ್ತಿದ್ದಾನೆ, ಅಲ್ವಾ? ಮತ್ತೆ ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ಸಿಮೆಂಟ್ ಕೋರ್ಟು ಎಂಟಕ್ಕೇ ಕಾಯುತ್ತೆ. ಹೊಸದನ್ನು ಮೊದಲ ಅರ್ಧ ಗಂಟೆಯಲ್ಲೇ ಕಲಿಸಿ. ದಣಿದ ಮೇಲೆ ಕಲಿಸಿದರೆ ಮಗು ದಣಿವನ್ನೇ ದಡ್ಡತನ ಅಂದುಕೊಳ್ಳುತ್ತೆ.

ಬಳ್ಳಾರಿಯ ಒಬ್ಬ ತಾಯಿ:
ನನ್ನ ಮಗನನ್ನು ನೋಡಿ, ಕುಳ್ಳಗಿದ್ದಾನೆ, ಇವನಿಗ್ಯಾಕೆ ಈ ಆಟ ಅಂತ ನೆಂಟರೇ ಅನ್ನುತ್ತಾರೆ. ಮೇಷ್ಟ್ರು ಅವನಿಗೆ ಮಗ್ಸಿ ಬೋಗ್ಸ್ ಬಗ್ಗೆ ಹೇಳಿದರು. 5 ಅಡಿ 3 ಇಂಚಿನ ಮನುಷ್ಯ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 14 ಸೀಸನ್ ಆಡಿದರಂತೆ. ಕಥೆ ಹೇಳಿ ಬಿಡಲಿಲ್ಲ, ಚೆಂಡನ್ನು ಮೊಣಕಾಲಿಗಿಂತ ಕೆಳಗಿಟ್ಟು ಡ್ರಿಬಲ್ ಮಾಡೋದು, ಎದುರಾಳಿಯ ಕೈಯಿಂದ ಚೆಂಡು ಕಸಿಯೋದು, ಇವೆರಡನ್ನೂ ಹಚ್ಚಿಕೊಟ್ಟರು. ಮನೆಯಲ್ಲಿ "ಎಷ್ಟು ಪಾಯಿಂಟ್ ಹಾಕಿದೆ?" ಅಂತ ಕೇಳೋದನ್ನು ನಾವೂ ಬಿಟ್ಟೆವು. ಇವತ್ತು ಏನು ಹೊಸದು ಅಂತ ಕೇಳಿದರೆ ಮಾತು ನಿಲ್ಲಿಸೋದೇ ಇಲ್ಲ, ಅಡುಗೆಮನೆಯಲ್ಲೇ ಡ್ರಿಬಲ್ ಶುರು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಚೆಂಡು 7ನೇ ಸೈಜೇ ಇದೆ, ಈ ವಾರ ಸಣ್ಣದು ತರಿಸುತ್ತೇನೆ. ರಾಯಚೂರಿನ ಸರ್, ನಮ್ಮಲ್ಲೊಬ್ಬ ಎಡಚ ಇದ್ದಾನೆ, ಎಡಗೈಗೆ ನಾಲ್ಕು ಪಾಯಿಂಟ್ ಅಂದರೆ ಅವನಿಗೆ ಹಬ್ಬ ಆಗಿಬಿಡುತ್ತೆ. ಏನು ಮಾಡಲಿ?

ರಾಯಚೂರಿನ ಕೋಚ್:
ಅವನಿಗೆ ಬಲಗೈಗೆ ನಾಲ್ಕು ಕೊಡಿ ಸರ್. ಮೊದಲ ದಿನ ಜಗಳ ಮಾಡುತ್ತಾನೆ, ಮಾಡಲಿ ಬಿಡಿ.