ಅಕ್ಕನ ಮಗನಿಗೆ ರಗ್ಬಿ ಲೀಗ್ ವಿಂಗರ್ ಆಗಬೇಕಂತೆ, ಏನು ಹೇಳಲಿ?

ಶ್ರೀನಗರದ_ಮಾವ

ಅಕ್ಕನ ಮಗ ಸೆಕೆಂಡ್ ಪಿಯು. ಕಂಠೀರವದಲ್ಲಿ ಓಡುತ್ತಾನೆ, 100 ಮೀಟರ್‌ಗೆ 11.3 ಸೆಕೆಂಡು. ಈಗ ಎನ್‌ಆರ್‌ಎಲ್ ಹುಚ್ಚು ಹಿಡಿದಿದೆ, ಆಸ್ಟ್ರೇಲಿಯಾದ ದೊಡ್ಡ ರಗ್ಬಿ ಲೀಗ್ ಪಂದ್ಯಾವಳಿ. ಶುಕ್ರವಾರ ಅಲ್ಲಿನ ರಾತ್ರಿ ಮ್ಯಾಚು ನಮಗೆ ಮಧ್ಯಾಹ್ನ 3:30ಕ್ಕೆ ಶುರು, ಇವನ ಫಿಸಿಕ್ಸ್ ಟ್ಯೂಷನ್ನೂ ಅದೇ ಹೊತ್ತಿಗೆ, ಯಾವುದಕ್ಕೆ ಚಕ್ಕರ್ ಅಂತ ಬೇರೆ ಹೇಳಬೇಕಾ. ವಿಂಗರ್ (ಮೈದಾನದ ಅಂಚಿನಲ್ಲಿ ಆಡುವವನು) ಒಬ್ಬ ಮೂಲೆಯಲ್ಲಿ ಹಾರಿ ಚೆಂಡು ನೆಲಕ್ಕೆ ಒತ್ತುವ ಕ್ಲಿಪ್ ತೋರಿಸಿ, "ಮಾಮ, ಇವರಿಗೆ ಓಡೋದೊಂದೇ ಕೆಲಸ, ಅದು ನನಗೆ ಬರುತ್ತಲ್ಲ" ಅಂದ. ಅಕ್ಕ ನನಗೇ ಬೈಯುತ್ತಿದ್ದಾಳೆ, ಸ್ಪೈಕ್ಸ್ ಕೊಡಿಸಿದ ತಪ್ಪಿಗೆ. ನಿಜವಾಗಿ ಇದು ಎಂಥ ಕೆಲಸ? ಬಲ್ಲವರು ಹೇಳಿ.

ಲೀಡ್ಸ್_ವಾಪಸಿ

ನಾನು ಆರು ವರ್ಷ ಲೀಡ್ಸ್‌ನಲ್ಲಿದ್ದೆ, ಮಳೆಯಲ್ಲಿ ನಿಂತು ಬೇಕಾದಷ್ಟು ಮ್ಯಾಚ್ ನೋಡಿದ್ದೇನೆ. "ಓಡೋದೊಂದೇ ಕೆಲಸ" ಅನ್ನೋದು ಕ್ಲಿಪ್ ನೋಡಿದವರ ಮಾತು ಸಾರ್. ಲೀಗ್‌ನಲ್ಲಿ ಒಂದು ತಂಡಕ್ಕೆ 13 ಜನ, ಚೆಂಡು ಹಿಡಿದವನನ್ನು ಎದುರಾಳಿ ತಡೆದು ಕೆಡವೋದು ಟ್ಯಾಕಲ್, ಅದು ಆರು ಸಲ ಆದರೆ ಚೆಂಡು ಎದುರಾಳಿಗೆ. ಅದಕ್ಕೇ ಐದಾದ ಮೇಲೆ ಸಾಮಾನ್ಯವಾಗಿ ದೂರಕ್ಕೆ ಒದ್ದುಬಿಡುತ್ತಾರೆ. ಎದುರಾಳಿ ಹಾಗೆ ಒದ್ದ ಚೆಂಡು ನಮ್ಮ ಗೆರೆ ಹತ್ತಿರ ಸಿಕ್ಕಾಗ ದಪ್ಪ ಫಾರ್ವರ್ಡ್‌ಗಳು ಇನ್ನೂ ಏದುಸಿರು ಬಿಡುತ್ತಾ ಹಿಂದಕ್ಕೆ ಬರುತ್ತಿರುತ್ತಾರೆ, ಹಾಗಾಗಿ ಮೊದಲ ಒಂದೆರಡು ಸಲ ಚೆಂಡು ಅಪ್ಪಿಕೊಂಡು, ಗೋಡೆ ಹಾಗೆ ಎದುರಿಗೆ ಬರುವ ಮೂರು ಜನಕ್ಕೆ ಗುದ್ದಿ ಬೀಳಬೇಕಾದವನು ವಿಂಗರ್. 2021ರಿಂದ 2024ರವರೆಗೆ ಸತತ ನಾಲ್ಕು ಸಲ ಎನ್‌ಆರ್‌ಎಲ್ ಗೆದ್ದ ಪೆನ್ರಿತ್ ಕ್ಲಬ್ಬಿನ ವಿಂಗರ್ ಬ್ರಯಾನ್ ಟೋʼಒ ಎಷ್ಟೋ ಮ್ಯಾಚುಗಳಲ್ಲಿ 200 ಮೀಟರ್‌ಗಿಂತ ಜಾಸ್ತಿ ಹೀಗೇ ಹೊತ್ತಿದ್ದಾನೆ. ಕ್ಲಿಪ್‌ನಲ್ಲಿ ಅದು ಬರಲ್ಲ, ಬರೋದು ಟ್ರೈ ಮಾತ್ರ. ಎದುರಾಳಿಯ ಗೆರೆ ದಾಟಿ ಚೆಂಡು ನೆಲಕ್ಕೆ ಒತ್ತೋದೇ ಟ್ರೈ, ಅದಕ್ಕೆ ನಾಲ್ಕು ಅಂಕ. ಹಾರೋದೂ ಶೋಕಿಗಲ್ಲ: ಕಾಲು ಪಕ್ಕದ ಗೆರೆಗೆ ತಾಗಿದರೆ ಹೊರಗೆ, ಮೈ ಗಾಳಿಯಲ್ಲಿದ್ದರೆ ಇನ್ನೂ ಆಟದೊಳಗೆ.

ಹಳಬರಲ್ಲಿ ನನಗೆ ತುಂಬಾ ಇಷ್ಟ ಬ್ರಯಾನ್ ಬೆವನ್. ಸಿಡ್ನಿ ಕಡೆಯವನು, ನೌಕಾಪಡೆಯ ಹಡಗಿನಲ್ಲಿ 1945ರಲ್ಲಿ ಇಂಗ್ಲೆಂಡಿಗೆ ಬಂದ. ಬೋಳುತಲೆ, ಕಡ್ಡಿ ಮೈ, ಮೊಣಕಾಲಿಗೆಲ್ಲ ಬ್ಯಾಂಡೇಜು. ನೋಡಿದ ಕೂಡಲೇ ಲೀಡ್ಸ್ ಕ್ಲಬ್ಬಿನವರು ಬೇಡ ಅಂದರು. ವಾರಿಂಗ್ಟನ್ ಕ್ಲಬ್ ಕರೆದುಕೊಂಡಿತು. ಒಟ್ಟು 796 ಟ್ರೈ! ಆ ದಾಖಲೆ ಇವತ್ತಿಗೂ ಯಾರೂ ಮುರಿದಿಲ್ಲ. ಇನ್ನೊಬ್ಬರು ಬಿಲ್ಲಿ ಬೋಸ್ಟನ್, ಕಾರ್ಡಿಫ್ ಬಂದರಿನ ಕೇರಿಯ ಕಪ್ಪು ಹುಡುಗ, ವಿಗನ್ ಕ್ಲಬ್ಬಿಗೆ 488 ಮ್ಯಾಚಲ್ಲಿ 478 ಟ್ರೈ. 1957ರಲ್ಲಿ ಬ್ರಿಟನ್ ತಂಡ ದಕ್ಷಿಣ ಆಫ್ರಿಕಾದಲ್ಲಿ ಆಡಿ ಬರೋಣ ಅಂತ ಹೋಯಿತು, ಇವರೊಬ್ಬರೇ ಮನೆಗೆ ವಾಪಸ್ ಬಂದರು, ಬಣ್ಣದ ಕಾರಣಕ್ಕೆ. ಸರ್ ಪದವಿ ಸಿಕ್ಕಿದ್ದು 2025ರಲ್ಲಿ, 90 ದಾಟಿದ ಮೇಲೆ. ಇಷ್ಟು ತಡ ಮಾಡಿದ್ದಕ್ಕೆ ನನಗಿನ್ನೂ ಸಿಟ್ಟಿದೆ.

ಒಂದು ಪರೀಕ್ಷೆ ಮಾಡಿ. ಚೆಂಡನ್ನು ಆಕಾಶಕ್ಕೆ ಒದ್ದು ಹಿಡಿ ಅನ್ನಿ, ಹಿಡಿಯುವಾಗ ಪಕ್ಕದಿಂದ ಒಬ್ಬರು ತಳ್ಳಲಿ.

ಕಬಡ್ಡಿ_ಕಾರ್ನರ್

ತೂಕ ಎಷ್ಟು ಹುಡುಗಂದು? 60 ಕೆಜಿ ಅಂದರೆ ಮೊದಲು ಮುದ್ದೆ ತಿನ್ನಿಸಿ 😄 ಸುಮ್ನೆ ಲೆಕ್ಕ ಹಾಕಿ: ಎನ್‌ಆರ್‌ಎಲ್‌ನಲ್ಲಿ ಈಗ 17 ಕ್ಲಬ್, ಒಂದಕ್ಕೆ ಇಬ್ಬರು ವಿಂಗರ್, 34 ಜಾಗ. ಸೀಟು ಸಿಗೋದು ಮೆಡಿಕಲ್‌ಗಿಂತ ಕಷ್ಟ ಅಲ್ವಾ. ಅಲ್ಲಿನ ಮಕ್ಕಳು ಐದಾರು ವರ್ಷಕ್ಕೇ ಚೆಂಡು ಹಿಡಿದಿರುತ್ತಾರೆ.

ಸೆವೆನ್ಸ್_ಸೀನ

ಕಬಡ್ಡಿಯವರೇ, ಹುಡುಗನನ್ನು ಹೆದರಿಸಬೇಡಿ. ಮಾವ, ಬೆಂಗಳೂರಲ್ಲಿ ನಾವು ಆಡೋದು ಲೀಗ್ ಅಲ್ಲ, ರಗ್ಬಿಯ ಇನ್ನೊಂದು ಬಗೆಯಾದ ಯೂನಿಯನ್, ಅದರಲ್ಲೂ ಏಳು ಜನರ ಸೆವೆನ್ಸ್ ಜಾಸ್ತಿ. 1895ರಲ್ಲಿ ಇಂಗ್ಲೆಂಡಿನ ಉತ್ತರದ ಕ್ಲಬ್ಬುಗಳು ಕೂಲಿ ತಪ್ಪಿದ ಆಟಗಾರರಿಗೆ ದುಡ್ಡು ಕೊಡುವ ಜಗಳದಲ್ಲಿ ಯೂನಿಯನ್‌ನಿಂದ ಬೇರೆಯಾದವು, ಅದೇ ಲೀಗ್. ಆದರೆ ಓಟಗಾರನಿಗೆ ಬಾಗಿಲು ಎರಡೂ ಕಡೆ ತೆಗೆದಿದೆ. ಸೆವೆನ್ಸ್ 2016ರಿಂದ ಒಲಿಂಪಿಕ್ಸ್‌ನಲ್ಲಿದೆ, 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ನಮ್ಮೂರಿನ ಹೆಸರಿನ ತಂಡವೂ ಇತ್ತು. ಲೀಡ್ಸ್‌ನವರು ಹೇಳಿದ ಪರೀಕ್ಷೆ ಸರಿಯಾಗಿದೆ. 2003ರ ಯೂನಿಯನ್ ವಿಶ್ವಕಪ್ ಫೈನಲ್‌ನಲ್ಲಿ ಮೊದಲ ಟ್ರೈ ಹಾಕಿದ್ದು ಆಸ್ಟ್ರೇಲಿಯಾದ ಲೋಟೆ ಟುಕಿರಿ, ಎತ್ತರಕ್ಕೆ ಬಂದ ಚೆಂಡನ್ನು ಇಂಗ್ಲೆಂಡಿನ ಜೇಸನ್ ರಾಬಿನ್ಸನ್ ತಲೆ ಮೇಲಿಂದ ಕಿತ್ತುಕೊಂಡು. ರಾಬಿನ್ಸನ್ ಆಮೇಲೆ ಇನ್ನೊಂದು ಕಡೆ ತನ್ನ ಟ್ರೈ ಹಾಕಿದ ಅನ್ನಿ. ಇಬ್ಬರೂ ಲೀಗ್‌ನಲ್ಲಿ ವಿಂಗರ್ ಆಗಿ ಬೆಳೆದವರು. ಅಲ್ಲಿ ಓಟದ ಮಾತೇ ಇರಲಿಲ್ಲ, ಇದ್ದದ್ದು ಕೈ.

ಶ್ರೀನಗರದ_ಮಾವ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಟೆರೇಸ್ ಮೇಲಿಂದ ನಾನು ಚೆಂಡು ಎಸೆದೆ, ಕೆಳಗೆ ಭಾವ ತಳ್ಳಿದರು. ಹತ್ತರಲ್ಲಿ ಮೂರು ಹಿಡಿದ. ಒಂದು ಪಕ್ಕದ ಮನೆ ತುಳಸಿ ಕುಂಡಕ್ಕೆ ಹೋಗಿ ಬಿತ್ತು. ಈಗ ಅಕ್ಕನ ಜೊತೆ ಪಕ್ಕದ ಮನೆ ಆಂಟಿಯೂ ನನಗೇ ಬೈಯುತ್ತಿದ್ದಾರೆ. ಹುಡುಗ ಮಾತ್ರ "ಮಾಮ, ಇನ್ನೊಂದು ಹತ್ತು" ಅಂತ ಕತ್ತಲಾಗುವ ತನಕ ಬಿಡಲಿಲ್ಲ. ಸೀನ ಅವರೇ, ನಿಮ್ಮ ಪ್ರಾಕ್ಟೀಸ್ ಎಲ್ಲಿ, ಎಷ್ಟು ಗಂಟೆಗೆ? ಶುಕ್ರವಾರ ಮಧ್ಯಾಹ್ನ ಮಾತ್ರ ಬೇಡ.