ಸಹಾಯ ಬೇಕು: ಬೇರೆ ರೇಷನ್ ಕಾರ್ಡ್, ಮಕ್ಕಳಿಗೆ ನೆರವು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿದ್ದೇನೆ. ಮೂರು ಮನೆ ಕೆಲಸ ಮಾಡಿ ತಿಂಗಳಿಗೆ 7,000 ದುಡಿಯುತ್ತೇನೆ. ಗಂಡ ಬಿಟ್ಟುಹೋಗಿ ಎರಡು ವರ್ಷವಾಯಿತು, ಡೈವೋರ್ಸ್ ಆಗಿಲ್ಲ. ಇಬ್ಬರು ಮಕ್ಕಳು.

ರೇಷನ್ ಕಾರ್ಡ್ ಅತ್ತೆ ಹೆಸರಲ್ಲಿದೆ. ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವರಿಗೇ ಹೋಗುತ್ತದೆ. ವಯಸ್ಸಾದವರು, ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ನಮ್ಮ ಮೂವರ ಹೆಸರು ತೆಗೆಸಿ ಬೇರೆ ಕಾರ್ಡ್ ಮಾಡಿಸಬೇಕು, ಅಷ್ಟೆ. ಡೈವೋರ್ಸ್ ಪತ್ರ ಇಲ್ಲದೆ ಯಾರಾದರೂ ಮಾಡಿಸಿದ್ದೀರಾ? ಏನೇನು ದಾಖಲೆ ಕೇಳಿದರು?

ಇನ್ನೊಂದು. ಗಂಡ ಬಿಟ್ಟವರ ಮಕ್ಕಳಿಗೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ಸಹಾಯ ಇದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ ಎಂದರು ಅಂಗನವಾಡಿ ಟೀಚರ್. ಪಟ್ಟಣದಲ್ಲಿ ವರ್ಷದ ಆದಾಯ 96,000 ದಾಟಬಾರದಂತೆ. ಅರ್ಜಿ ಹಾಕಿದವರು ದಯವಿಟ್ಟು ಹೇಳಿ, ಎಷ್ಟು ದಿನ ಹಿಡಿಯಿತು? ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ. ಒಂದೇ ಸಲಕ್ಕೆ ಎಲ್ಲ ಕಾಗದ ಜೋಡಿಸಿಕೊಂಡು ಹೋಗಬೇಕು.