ಕೋರ್ಟು ಬಿಟ್ಟವನನ್ನು ದೆವ್ವ ಹಿಡಿದರೆ ಅದು ನ್ಯಾಯಾನಾ?

ಇರುಳುಗಣ್ಣ:
ನಿನ್ನೆ ರಾತ್ರಿ ‘ಲಾ ಯೊರೋನಾ’ ನೋಡಿದೆ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಸಿನಿಮಾ, 2019ರದ್ದು, ನಿರ್ದೇಶಕ ಹೈರೋ ಬುಸ್ತಮಾಂತೆ. ನೋಡದವರಿಗೆ ಕತೆ ಚಿಕ್ಕದಾಗಿ ಹೇಳುತ್ತೇನೆ. ಒಬ್ಬ ಮುದಿ ಜನರಲ್ ಇದ್ದಾನೆ. ಸುಮಾರು ಮೂವತ್ತು ವರ್ಷದ ಹಿಂದೆ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಹಳ್ಳಿಗಳನ್ನೇ ಅಳಿಸಿಹಾಕಿಸಿದವನು. ಕೋರ್ಟು ಅವನನ್ನು ಅಪರಾಧಿ ಅನ್ನುತ್ತದೆ, ಮೇಲಿನ ಕೋರ್ಟು ಆ ತೀರ್ಪನ್ನೇ ರದ್ದು ಮಾಡುತ್ತದೆ, ಅವನು ಆರಾಮಾಗಿ ಬಂಗಲೆಗೆ ವಾಪಸ್. ಗೇಟಿನ ಹೊರಗೆ ಕಾಣೆಯಾದವರ ಫೋಟೋ ಹಿಡಿದ ಜನ. ಕೂಗು ನಿಲ್ಲುವುದೇ ಇಲ್ಲ. ಮನೆಗೆಲಸದವರು ಒಬ್ಬಳನ್ನು ಬಿಟ್ಟು ಎಲ್ಲರೂ ಹೊರಟುಹೋಗುತ್ತಾರೆ. ಆಗ ಆಲ್ಮಾ ಅನ್ನುವ ಹುಡುಗಿ ಕೆಲಸಕ್ಕೆ ಬರುತ್ತಾಳೆ. ಉದ್ದ ಕೂದಲು, ಮಾತು ಕಡಿಮೆ. ಅಲ್ಲಿಂದ ನೀರಿನ ಕಾಟ ಶುರು.

ನನ್ನ ಮಾತು ಇಷ್ಟೇ. ನರಮೇಧದ ಬಗ್ಗೆ ನೂರು ನೇರ ಸಿನಿಮಾ ನೋಡಿದರೂ ಆಗದ್ದು ಈ ದೆವ್ವದ ಕತೆಯಿಂದ ಆಯಿತು. ಯಾಕೆ ಅಂತ ಇನ್ನೂ ತಲೆಗೆ ಹತ್ತುತ್ತಿಲ್ಲ. ನಿಮಗೆ ಏನನ್ನಿಸಿತು? (ಕೆಳಗೆ ಕತೆಯ ಕೊನೆ ಬಂದೇ ಬರುತ್ತದೆ, ನೋಡದವರು ಹುಷಾರು.)

ಸೀದಾಮಾತು:
ನನಗೆ ಈ ಜಾತಿಯ ಸಿನಿಮಾಗಳ ಮೇಲೆ ತಕರಾರಿದೆ, ಇವತ್ತಿನದಲ್ಲ, ಹಳೇದು. ಆ ಜನರಲ್ ಯಾರ ಅಚ್ಚು ಅಂತ ಎಲ್ಲರಿಗೂ ಗೊತ್ತು, ಎಫ್ರೈನ್ ರಿಯೋಸ್ ಮೊಂಟ್. 1982–83ರಲ್ಲಿ ಆ ದೇಶವನ್ನು ಆಳಿದವನು. ಇಶಿಲ್ ಅನ್ನುವ ಮಾಯಾ ಪಂಗಡದ 1,771 ಜನರ ಕೊಲೆಯ ಕೇಸು. 2013ರ ಮೇ 10ಕ್ಕೆ 80 ವರ್ಷ ಶಿಕ್ಷೆ ಆಯಿತು. ಹತ್ತೇ ದಿನಕ್ಕೆ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಮನುಷ್ಯ 2018ರ ಏಪ್ರಿಲ್‌ನಲ್ಲಿ, 91ನೇ ವಯಸ್ಸಿನಲ್ಲಿ, ತನ್ನ ಮನೆಯಲ್ಲೇ ಸತ್ತ.

ಯಾವ ದೆವ್ವವೂ ಬರಲಿಲ್ಲ.

ಸಿನಿಮಾದಲ್ಲಿ ಅವನ ಕುತ್ತಿಗೆ ಹಿಸುಕಿಸಿ ನಮಗೆ ಸಮಾಧಾನ ಮಾಡಿ ಕಳಿಸುತ್ತಾರೆ. ಹೊಟ್ಟೆ ತುಂಬಿದ ಹಾಗಾಗುತ್ತದೆ, ಆದರೆ ಊಟ ಮಾಡಿರುವುದಿಲ್ಲ. ಇದು ನ್ಯಾಯ ಅಲ್ಲ, ನ್ಯಾಯದ ಬದಲಿಗೆ ಕೊಟ್ಟ ಪೆಪ್ಪರ್‌ಮೆಂಟು.

ಸಿನಿಹುಳ:
ಅಯ್ಯೋ, ಒಂದು ನಿಮಿಷ. ನಾನು ನೋಡಿದ್ದರಲ್ಲಿ ಜನರಲ್ಲೇ ಇರಲಿಲ್ಲವಲ್ಲ? ಅಮೆರಿಕದಲ್ಲಿ ಒಬ್ಬ ಅಮ್ಮ, ಇಬ್ಬರು ಮಕ್ಕಳು, ಬಿಳಿ ಸೀರೆ ಥರದ ಬಟ್ಟೆ ಹಾಕಿಕೊಂಡ ದೆವ್ವ, ಐದು ನಿಮಿಷಕ್ಕೊಮ್ಮೆ ಧಡ್ ಅಂತ ಸೌಂಡು.

ಹಳೇರೀಲು:
ಸಿನಿಹುಳ, ನೀವು ನೋಡಿದ್ದು ಅದೇ 2019ರಲ್ಲಿ ಬಂದ ಹಾಲಿವುಡ್ಡಿನದು. ಹೆಸರು ಹತ್ತಿರ ಇದೆ, ನೀವೊಬ್ಬರೇ ಏನಲ್ಲ. ಆದರೆ ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಇರುಳುಗಣ್ಣರ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಲಾ ಯೊರೋನಾ ಅಂದರೆ ಅಳುವವಳು. ಆ ಕಡೆಯ ಹಳೇ ಜನಪದ ಕತೆ. ಗಂಡಸು ಕೈಬಿಟ್ಟ ಸಿಟ್ಟಿಗೆ ತನ್ನ ಮಕ್ಕಳನ್ನೇ ನೀರಿಗೆ ಮುಳುಗಿಸಿದವಳು, ಆಮೇಲೆ ಅವರನ್ನು ಹುಡುಕಿಕೊಂಡು ಅಳುತ್ತಾ ಅಲೆಯುವವಳು. ಹಾಲಿವುಡ್ಡು ಅದನ್ನು ಹಾಗೇ ಎತ್ತಿಕೊಂಡಿತು. ಬುಸ್ತಮಾಂತೆ ಒಂದೇ ಒಂದು ಬದಲಾವಣೆ ಮಾಡಿದ. ಇಲ್ಲಿ ಆಲ್ಮಾಳ ಮಕ್ಕಳನ್ನು ಮುಳುಗಿಸಿದ್ದು ತಾಯಿ ಅಲ್ಲ, ಸೈನಿಕರು. ಅಷ್ಟೇ! ಶತಮಾನಗಳ ಕಾಲ ಹೆಂಗಸಿನ ತಲೆಗೆ ಕಟ್ಟಿದ್ದ ತಪ್ಪು ಕಳಚಿ ಬಿತ್ತು.

ಇದು ಸುಮ್ನೆ ಕತೆಗಾರನ ಜಾಣತನ ಅಂದುಕೊಳ್ಳಬೇಡಿ. 1982ರ ಡಿಸೆಂಬರ್‌ನಲ್ಲಿ ದೋಸ್ ಎರ್ರೆಸ್ ಅನ್ನುವ ಹಳ್ಳಿಯಲ್ಲಿ ಕೈಬಿಲ್ ಅನ್ನುವ ವಿಶೇಷ ಪಡೆಯವರು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಹೆಣಗಳನ್ನು ಊರಿನ ಬಾವಿಗೆ ಹಾಕಿದರು, ಮಕ್ಕಳದ್ದೂ ಸೇರಿ. ಹತ್ತು ವರ್ಷ ದಾಟಿದ ಮೇಲೆ ಆ ಬಾವಿ ಅಗೆದು ಮೂಳೆ ತೆಗೆದರು. ಸಿನಿಮಾದಲ್ಲಿ ನೀರು ಬಂದಾಗಲೆಲ್ಲ ನನಗೆ ಆ ಬಾವಿಯೇ ಕಣ್ಣಿಗೆ ಬರುತ್ತಿತ್ತು.

ಸೀದಾಮಾತು:
ಒಳ್ಳೇ ಉದಾಹರಣೆ ಕೊಟ್ಟಿರಿ, ನನ್ನ ವಾದಕ್ಕೇ ಅನುಕೂಲ. ದೋಸ್ ಎರ್ರೆಸ್ ಕೇಸಿನಲ್ಲಿ 2011ರಲ್ಲಿ ನಾಲ್ವರು ಮಾಜಿ ಸೈನಿಕರಿಗೆ ತಲಾ ಆರು ಸಾವಿರಕ್ಕೂ ಹೆಚ್ಚು ವರ್ಷ ಶಿಕ್ಷೆ ಆಯಿತು. ಒಂದೊಂದು ಸಾವಿಗೆ 30 ವರ್ಷದ ಲೆಕ್ಕ. ಅದು ಆದದ್ದು ಹೇಗೆ? ಮೂಳೆ ಅಗೆದವರಿಂದ, ಬದುಕುಳಿದವರ ಸಾಕ್ಷಿಯಿಂದ. ದೆವ್ವದಿಂದ ಅಲ್ಲ. ಆ ಕೆಲಸದ ಮೇಲೆ ಸಿನಿಮಾ ಮಾಡಿ ಅಂತ ನಾನು ಹೇಳುವುದು.

ಮೂರನೇಸಾಲು:
ನಾನು ಇಬ್ಬರನ್ನೂ ಒಪ್ಪುವುದಿಲ್ಲ :) ದೆವ್ವ ಬೇಕಾ ಬೇಡವಾ ಅನ್ನುವುದಕ್ಕಿಂತ, ಯಾರ ಕಡೆಯ ದೆವ್ವ ಅಂತ ಕೇಳಿ.

ಕೊರಿಯಾದ ‘ಆರ್-ಪಾಯಿಂಟ್’ ನೋಡಿ, 2004ರದ್ದು. 1972ರ ವಿಯೆಟ್ನಾಂ. ಸತ್ತಿದ್ದಾರೆ ಅಂತ ಲೆಕ್ಕಕ್ಕೆ ಬರೆದ ತುಕಡಿಯಿಂದ ಇನ್ನೂ ರೇಡಿಯೋ ಕರೆ ಬರುತ್ತಿದೆ. ಅವರನ್ನು ಹುಡುಕಲು ಇನ್ನೊಂದು ತುಕಡಿ ಹೋಗುತ್ತದೆ. ಭಯ ಪಡಿಸುವುದರಲ್ಲಿ ಎಕ್ಕಾ ಸಿನಿಮಾ. ಕೈಗೆ ರಕ್ತ ಅಂಟಿದವರು ಇಲ್ಲಿಂದ ವಾಪಸ್ ಹೋಗುವುದಿಲ್ಲ ಅಂತ ಕಲ್ಲಿನ ಮೇಲೆ ಕೆತ್ತಿರುತ್ತದೆ, ಅಂದರೆ ತಪ್ಪಿನ ವಾಸನೆ ಇದೆ. ಆದರೆ ಆ ತಪ್ಪು ಏನು? ಮೂರು ಲಕ್ಷಕ್ಕೂ ಹೆಚ್ಚು ಕೊರಿಯನ್ ಸೈನಿಕರು ಆ ಯುದ್ಧಕ್ಕೆ ಹೋಗಿದ್ದರು. 1968ರ ಫೆಬ್ರವರಿಯಲ್ಲಿ ಫೋಂಗ್ ನ್ಹಿ ಅನ್ನುವ ಹಳ್ಳಿಯಲ್ಲಿ ಸುಮಾರು 70 ಜನ ಸಾಮಾನ್ಯರನ್ನು ಕೊಂದರು. ಅವತ್ತು ಗುಂಡು ತಿಂದು ಬದುಕಿದ ಒಬ್ಬ ಹೆಂಗಸಿಗೆ ಪರಿಹಾರ ಕೊಡಿ ಅಂತ ಸೋಲ್‌ನ ಕೋರ್ಟು ಹೇಳಿದ್ದು 2023ರಲ್ಲಿ. ಐವತ್ತೈದು ವರ್ಷ! ಸಿನಿಮಾದಲ್ಲಿ ಇಂಥ ಹಳ್ಳಿಯ ಹೆಸರೇ ಇಲ್ಲ. ವಿಯೆಟ್ನಾಮಿನ ಹೆಂಗಸು ಅಂದರೆ ಬಿಳಿ ಬಟ್ಟೆಯಲ್ಲಿ ಸುಳಿದುಹೋಗುವ ನೆರಳು, ಅಷ್ಟೇ. ಹೆಸರಿಲ್ಲ, ಕತೆಯಿಲ್ಲ. ಎರಡು ಗಂಟೆ ನಾವು ಅಯ್ಯೋ ಅನ್ನುವುದು ಆ ಹುಡುಗರಿಗೆ, ಅಂದರೆ ಬಂದೂಕು ಹಿಡಿದು ಹೋದವರಿಗೆ.

ಇದೂ ದೆವ್ವದ ಸಿನಿಮಾನೇ, ಯುದ್ಧದ ಪಾಪದ ಬಗ್ಗೆಯೇ ಅಂತಾರೆ. ಆದರೆ ಇಲ್ಲಿ ದೆವ್ವ ಒಳ್ಳೇ ಪರದೆಯ ಕೆಲಸ ಮಾಡುತ್ತದೆ.

ಹಳೇರೀಲು:
ಇದು ಸರಿಯಾದ ಏಟು. ಆದರೆ ಹೆಸರಿಲ್ಲದ ನೆರಳನ್ನೇ ಕತೆಯ ಮಧ್ಯಕ್ಕೆ ತಂದು ಕೂರಿಸಿದವರೂ ಇದ್ದಾರೆ. ಜಪಾನಿನ ಕನೆತೊ ಶಿಂದೊ 1968ರಲ್ಲಿ ಮಾಡಿದ ‘ಕುರೊನೆಕೊ’. ಕಾಳಗದ ಕಾಲ, ಹಸಿದ ಸಮುರಾಯ್‌ಗಳ ಗುಂಪೊಂದು ಗುಡಿಸಲಿಗೆ ನುಗ್ಗಿ ಅತ್ತೆ ಸೊಸೆಯ ಮೇಲೆ ಅತ್ಯಾಚಾರ ಮಾಡಿ ಬೆಂಕಿ ಹಚ್ಚಿ ಹೋಗುತ್ತದೆ. ಇಬ್ಬರೂ ದೆವ್ವವಾಗುತ್ತಾರೆ, ಸಮುರಾಯ್ ಅಂತ ಕಂಡವರ ಕುತ್ತಿಗೆಗೆಲ್ಲ ಬಾಯಿ ಹಾಕುತ್ತಾರೆ. ಆಮೇಲೆ ಕಾಳಗದಿಂದ ಮಗ ವಾಪಸ್ ಬರುತ್ತಾನೆ, ಅವನೂ ಸಮುರಾಯ್ ಆಗಿ! ಈಗ ಏನು ಮಾಡಬೇಕು ಹೇಳಿ? ಸೀದಾಮಾತು ಅವರೇ, ಇದರಲ್ಲಿ ಪೆಪ್ಪರ್‌ಮೆಂಟು ಎಲ್ಲಿದೆ? ನೋಡಿದವರಿಗೆ ಒಂದು ಚೂರೂ ಸಮಾಧಾನ ಸಿಗುವುದಿಲ್ಲ. ಅಂದ ಹಾಗೆ ಶಿಂದೊ ಹಿರೋಶಿಮಾದವನು. ಬಾಂಬಿನ ಬಗ್ಗೆ ನೇರ ಸಿನಿಮಾವನ್ನೂ 1952ರಲ್ಲೇ ಮಾಡಿದ್ದ. ಅಂಥವನೇ ಮುಂದೆ ದೆವ್ವದ ಕತೆಗೆ ಬಂದ ಅನ್ನುವುದನ್ನು ಗಮನಿಸಿ.

ಸೀದಾಮಾತು:
ಕುರೊನೆಕೊ ನೋಡಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ ‘ದಿ ಆ್ಯಕ್ಟ್ ಆಫ್ ಕಿಲ್ಲಿಂಗ್’ ಅನ್ನುವ ಸಾಕ್ಷ್ಯಚಿತ್ರದ ಮುಂದೆ ಇವೆಲ್ಲ ಸಪ್ಪೆ. 1965–66ರಲ್ಲಿ ಇಂಡೋನೇಷ್ಯಾದಲ್ಲಿ ನಡೆದ ಸಾಮೂಹಿಕ ಹತ್ಯೆಯಲ್ಲಿ ಕೊಲೆ ಮಾಡಿದ ನಿಜವಾದ ಮನುಷ್ಯನೇ ಕ್ಯಾಮೆರಾ ಮುಂದೆ ನಿಂತು ಹೇಗೆ ಕೊಂದೆ ಅಂತ ಆಡಿ ತೋರಿಸುತ್ತಾನೆ. ದೆವ್ವದ ಅಗತ್ಯವೇ ಬೀಳುವುದಿಲ್ಲ.

ಇರುಳುಗಣ್ಣ:
ಬೀಳುತ್ತದೆ ಸ್ವಾಮಿ! ಅದರಲ್ಲೂ ದೆವ್ವ ಇದೆ, ಮರೆತಿರಾ? ಆ ಮನುಷ್ಯ ತನಗೆ ಕೆಟ್ಟ ಕನಸು ಬೀಳುತ್ತದೆ ಅನ್ನುತ್ತಾನೆ, ಆ ಕನಸನ್ನೂ ನಟಿಸುತ್ತಾನೆ. ಆಮೇಲೆ ಜಲಪಾತದ ಸೀನು. ಸತ್ತವನೊಬ್ಬ ಬಂದು ಇವನ ಕುತ್ತಿಗೆಗೆ ಪದಕ ಹಾಕಿ, ನನ್ನನ್ನು ಕೊಂದು ಸ್ವರ್ಗಕ್ಕೆ ಕಳಿಸಿದ್ದಕ್ಕೆ ಥ್ಯಾಂಕ್ಸ್ ಅನ್ನುತ್ತಾನೆ. ನನಗೆ ಅದನ್ನು ನೋಡಿ ವಾಕರಿಕೆ ಬಂದಿತ್ತು.

ಮೂರನೇಸಾಲು ಕೇಳಿದ ಪ್ರಶ್ನೆ ಈಗ ನನಗೆ ಅರ್ಥವಾಯಿತು. ಕೊಂದವನ ಕೈಗೆ ಬರೆಯಲು ಕೊಟ್ಟರೆ ಸತ್ತವನು ಬಂದು ಪದಕ ಹಾಕುತ್ತಾನೆ. ಕಳೆದುಕೊಂಡವರು ಬರೆದರೆ ಆಲ್ಮಾ ಬರುತ್ತಾಳೆ. ದೆವ್ವ ಹೇಗೂ ಬಂದೇ ಬರುತ್ತದೆ, ಅದರ ಬಾಯಲ್ಲಿ ಯಾರ ಮಾತು ಅನ್ನುವುದೇ ಜಗಳ. ಅಲ್ವಾ?

ಇನ್ನೊಂದು ವಿಷಯ. ಜನರಲ್‌ನನ್ನು ಆಲ್ಮಾ ಕೊಲ್ಲುವುದಿಲ್ಲ. ಕೊಲ್ಲುವುದು ಅವನ ಹೆಂಡತಿ ಕಾರ್ಮೆನ್. ಸಿನಿಮಾದ ಶುರುವಿನಲ್ಲಿ ಸಾಕ್ಷಿ ಹೇಳಿದ ಹೆಂಗಸರನ್ನು ಬಾಯಿಗೆ ಬಂದಂತೆ ಬೈಯುವವಳು ಇದೇ ಕಾರ್ಮೆನ್. ದಿನಾ ರಾತ್ರಿ ಅವಳಿಗೆ ಆಲ್ಮಾಳ ಕನಸು ಬೀಳುತ್ತದೆ, ಆಲ್ಮಾಳೇ ಆಗಿ. ಮಕ್ಕಳನ್ನು ಎತ್ತಿಕೊಂಡು ಜೋಳದ ಹೊಲದಲ್ಲಿ ಓಡುತ್ತಾಳೆ. ಮುಳುಗುವುದು ತನ್ನ ಮಕ್ಕಳೇ ಅನ್ನಿಸುತ್ತದೆ. ಆಗ ಅವಳ ಕೈ ಗಂಡನ ಕುತ್ತಿಗೆಗೆ ಹೋಗುತ್ತದೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದ ಮನೆಯವಳನ್ನು ಸಾಕ್ಷಿ ಮಾಡುವುದು ಇದು. ಯಾವ ಕೋರ್ಟೂ ಇದನ್ನು ಮಾಡಲಾರದು.

ಮೂರನೇಸಾಲು:
ಸಾಕ್ಷಿ ಅಂದಿರಲ್ಲ, ಕೋರ್ಟಿನ ಸೀನಿನಲ್ಲಿ ಮುಖಕ್ಕೆ ತೆಳು ಪರದೆ ಹಾಕಿಕೊಂಡು ಮಾತಾಡುವ ಇಶಿಲ್ ಮುದುಕಿ ನೆನಪಿದೆಯಾ? ಮೊದಲ ನೋಟಕ್ಕೆ ಅವಳೇ ದೆವ್ವದ ಹಾಗೆ ಕಾಣುತ್ತಾಳೆ. ಇದೂ ಹುಟ್ಟಿಸಿದ್ದಲ್ಲ. 2016ರಲ್ಲಿ ಗ್ವಾಟೆಮಾಲಾದ ಸೆಪುರ್ ಸಾರ್ಕೊ ಅನ್ನುವ ಹಳ್ಳಿಯ ಕೇಸಿನ ವಿಚಾರಣೆಯಲ್ಲಿ, ಸೈನ್ಯದವರು ಗುಲಾಮರ ಹಾಗೆ ಇಟ್ಟುಕೊಂಡಿದ್ದ ಹೆಂಗಸರು ಬಣ್ಣದ ಶಾಲು ಹೊದ್ದು ಮುಖ ಮುಚ್ಚಿಕೊಂಡೇ ಕೋರ್ಟಿನಲ್ಲಿ ಕೂತಿದ್ದರು. ಗೆದ್ದರು ಕೂಡ. ಸಿನಿಮಾದ ಮುದುಕಿ ಮಾತು ಮುಗಿಸಿ ಪರದೆ ತೆಗೆಯುತ್ತಾಳೆ, ಆಗ ಕಾಣುವುದು ಬರೀ ಒಂದು ಸುಸ್ತಾದ ಮುಖ. ನನಗೆ ಇಡೀ ಸಿನಿಮಾದಲ್ಲಿ ಭಯ ಆದದ್ದು ಅಲ್ಲೇ.

ಸೀದಾಮಾತು:
ಸರಿ, ಒಂದು ಹೆಜ್ಜೆ ಹಿಂದೆ ಹೋಗುತ್ತೇನೆ, ಒಂದೇ. 2018ರ ಸೆಪ್ಟೆಂಬರ್‌ನಲ್ಲಿ ರಿಯೋಸ್ ಮೊಂಟ್ ಕೇಸಿನ ಮರುವಿಚಾರಣೆ ಮುಗಿಯಿತು. ಅವನು ಅಷ್ಟರಲ್ಲಿ ಸತ್ತಿದ್ದ. ಕೋರ್ಟು ಏನಂತು ಗೊತ್ತಾ? ನರಮೇಧ ಆದದ್ದು ನಿಜ, ಸೈನ್ಯವೇ ಮಾಡಿದ್ದು ನಿಜ, ಆದರೆ ಕಟಕಟೆಯಲ್ಲಿ ಉಳಿದಿದ್ದ ಆಗಿನ ಗುಪ್ತಚರ ಮುಖ್ಯಸ್ಥ ತಪ್ಪಿತಸ್ಥ ಅಲ್ಲ. ಅಂದರೆ ಕೊಲೆ ಇದೆ, ಕೊಲೆಗಾರ ಇಲ್ಲ. ಇಂಥ ತೀರ್ಪು ಓದಿದ ಮೇಲೆ ಅಲ್ಲಿನವರು ದೆವ್ವದ ಮೊರೆ ಹೋದರೆ ಬೈಯುವ ಮನಸ್ಸು ಬರುವುದಿಲ್ಲ.

ಆದರೆ ಅದು ಅಲ್ಲಿನವರ ಮಾತು. ಸಾವಿರಾರು ಮೈಲಿ ದೂರದಲ್ಲಿ ಕೂತು ನೋಡುವ ನಾವು ಆ ಕುತ್ತಿಗೆ ಹಿಸುಕುವ ಸೀನಿಗೆ ಹಾಯ್ ಅನ್ನಿಸಿಕೊಂಡರೆ ಅದು ಬಿಟ್ಟಿ ಸುಖ. ಈ ತಕರಾರನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಇರುಳುಗಣ್ಣ:
ತೆಗೆದುಕೊಳ್ಳಬೇಡಿ. ಆದರೆ ಸಿನಿಮಾ ಅಲ್ಲಿಗೆ ನಿಲ್ಲುವುದಿಲ್ಲವಲ್ಲ. ಅಂತ್ಯಕ್ರಿಯೆಗೆ ಬಂದ ಇನ್ನೊಬ್ಬ ಜನರಲ್ ಬಾತ್‌ರೂಮಿಗೆ ಹೋಗುತ್ತಾನೆ. ನೆಲದ ಮೇಲೆ ನೀರು, ಅಳು ಕೇಳಿಸುತ್ತದೆ. ಒಬ್ಬ ಸತ್ತ ಮಾತ್ರಕ್ಕೆ ಲೆಕ್ಕ ಮುಗಿದಿಲ್ಲ ಅಂತ ತಾನೇ ಅದು?

ಸಿನಿಹುಳ:
ನೀವೆಲ್ಲ ಜಗಳ ಆಡುವಷ್ಟರಲ್ಲಿ ಸರಿಯಾದ ಸಿನಿಮಾ ಹಾಕಿಕೊಂಡೆ, ಕೊನೆ ಗೊತ್ತಾದರೂ ಪರವಾಗಿಲ್ಲ ಅಂತ. ಧಡ್ ಅನ್ನುವ ಸೌಂಡಿಗೆ ಕಾದಿದ್ದೇ ಬಂತು, ಹೊರಗಿನ ಜನರ ಕೂಗು ಬಿಟ್ಟು ಬೇರೆ ಇಲ್ಲ. ಒಂದು ಡೌಟು. ಮೊಮ್ಮಗಳು ಸಾರಾಳ ಅಪ್ಪ ಎಲ್ಲಿ? ಯಾರೂ ಸರಿಯಾಗಿ ಹೇಳುವುದೇ ಇಲ್ಲ. ಅವನನ್ನೂ ಈ ಮುದುಕನೇ ಕಾಣೆ ಮಾಡಿಸಿದನಾ?

ಹಳೇರೀಲು:
ಸುಳಿವು ಕೊಡುತ್ತಾರೆ, ಬಿಡಿಸಿ ಹೇಳುವುದಿಲ್ಲ. ಕೆಲಸದವಳು ವಲೇರಿಯಾನಾಳನ್ನೂ ಗಮನಿಸಿ, ಅವಳು ಆ ಮನೆಗೆ ಏನಾಗಬೇಕು ಅನ್ನುವುದೂ ಹಾಗೇ. ಆಮೇಲೆ ಬನ್ನಿ, ಇಲ್ಲೇ ಇರುತ್ತೇವೆ.